ಮೊದಲು ನೀ ಒತ್ತು

ಬೆಟಗೇರಿಯ ರೈಲ್ವೆ ಹಳಿ ದಾಟಿ ಜೀಪಿನಿಂದ ನಾವು ಇಳಿದಾಗ
ತಾನುಬಾಯಿ ಸಾಳುಂಕೆ ಕುಡುಗೋಲಿಗೆ ಹಲ್ಲು ಹಾಕುತ್ತಿದ್ದಳು.
ತಲೆ ಎತ್ತಲಿಲ್ಲ.
ನನ್ನ ಕೈಯಲ್ಲಿ ಐಸಿನ ಡಬ್ಬಿ,
ನೇರಳೆ ಮುಚ್ಚಳದ ನಲವತ್ತು ಕೊಳವೆ,
ಒಪ್ಪಿಗೆ ಪತ್ರ, ಹನ್ನೊಂದು ಪುಟ.

ಕನ್ನಡಕ್ಕೆ ಅದನ್ನು ಇಳಿಸಿದವನು ನಾನೇ.
ಧಾರವಾಡದ ರೂಮಿನಲ್ಲಿ, ಫ್ಯಾನಿನ ಕೆಳಗೆ,
‘ವಂಶವಾಹಿ’ ಎಂದು ಬರೆದು ಹೆಮ್ಮೆಯಿಂದ ಚಹಾ ಕುಡಿದಿದ್ದೆ.
ಇಲ್ಲಿ ಆ ಶಬ್ದ ಬಾಯಿಂದ ಹೊರಟದ್ದೇ
ತಿದಿಯ ಗಾಳಿಗೆ ಸಿಕ್ಕ ಬೂದಿ.

ಹೋದ ವರ್ಷ ಅವಳ ತಂಗಿ ಸೋನಾಬಾಯಿಯ ರಕ್ತ
ಹುಬ್ಬಳ್ಳಿಯಿಂದ ವಿಮಾನ ಹತ್ತಿತ್ತು.
ಸೋನಾಬಾಯಿ ಹತ್ತಿದ್ದು ಗದಗಿನ ಬಸ್ಸು,
ಎದೆಯ ಗಂಟಿನ ಮೇಲೆ ಸೆರಗು ಬಿಗಿದು,
ಕಿಟಕಿಯ ಪಕ್ಕ.
ಆರು ವಾರಕ್ಕೆ ಕಾಗದ ಬಂತು:
ಒಂದು ಅಕ್ಷರ ಬದಲಾಗಿದೆ. ಅರ್ಥ ಗೊತ್ತಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.
ದೊಡ್ಡದೊಂದು ಪುಸ್ತಕವಿದೆಯಂತೆ, ಕಂಪ್ಯೂಟರಿನೊಳಗೆ,
ಲಕ್ಷ ಲಕ್ಷ ಮೈಗಳನ್ನು ಓದಿ ಬರೆದದ್ದು,
ಬಹುಪಾಲು ಬಿಳಿಯರವು.
ನಮ್ಮ ಕಡೆಯವರು ಚಿಟಿಕೆಯಷ್ಟು, ಅವರೂ ಪೇಟೆಯವರು.
ಘಿಸಾಡಿ ಎಂದು ಹುಡುಕಿದರೆ
ಸೊನ್ನೆ.
ಇಂಥ ಅಕ್ಷರ ಇನ್ನೊಬ್ಬರಲ್ಲಿ ಕಂಡಿಲ್ಲ ತಾಯಿ,
ಕೊಲ್ಲುತ್ತದೋ ಸುಮ್ಮನೆ ಕೂತಿರುತ್ತದೋ
ಹೇಗೆ ಹೇಳಲಿ?

ಶ್ರಾವಣದಲ್ಲಿ ಸೋನಾಬಾಯಿ ಹೋದಳು.
ಅಕ್ಷರ ಹೋಗಲಿಲ್ಲ.
ಅವಳ ಇಬ್ಬರು ಹೆಣ್ಣುಮಕ್ಕಳು ಈಗ ತಿದಿಯ ಹಿಂದೆ ನಿಂತು
ನನ್ನ ಡಬ್ಬಿಯನ್ನೇ ನೋಡುತ್ತಿದ್ದಾರೆ.
ಅವರ ಮೈಯಲ್ಲಿ ಅದು ಇರಬಹುದು,
ಇಲ್ಲದಿರಬಹುದು.

“ಪೊಲೀಸ್ರ ಪುಸ್ತಕದಾಗ ನಮ್ಮ ಹೆಸರು ಇರತಿತ್ತಲ್ಲೋ ತಮ್ಮಾ,”
ತಾನುಬಾಯಿ ಸುತ್ತಿಗೆ ಕೆಳಗಿಟ್ಟಳು.
“ಊರಾಗ ಒಂದು ಕೊಡ ಕಳುವಾದ್ರ
ಮೊದ್ಲು ನಮ್ಮ ಜೋಪಡಿ ತಡಕತಿದ್ರು.
ಅಲ್ಲಿ ಒಬ್ರೂ ಮರೀಲಿಲ್ಲ.
ಇಲ್ಲಿ ಹೆಂಗ ಮರತ್ರಿ?”

ಹನ್ನೊಂದು ಪುಟ ತಿರುವಿದೆ. ಅದಕ್ಕೆ ಉತ್ತರ ಬರೆದಿರಲಿಲ್ಲ.

“ಹಿಂದಕೊಮ್ಮೆ ಬಿಳಿ ಕೋಟಿನವರು ಬಂದಿದ್ರು,
ಬಿಸ್ಕೀಟು ಕೊಟ್ಟು ರಕ್ತ ಒಯ್ದರು.
ಏನು ಸಿಕ್ತು ಅಂತ ಹೇಳಾಕ ಯಾರೂ ಬರಲಿಲ್ಲ.
ಕೊಡ್ಲಿ ಮಾಡಿಸ್ಕೊಂಡಾಂವ ಸುದ್ದಾ ಹೊಳ್ಳಿ ಬಂದು
ಚೊಲೋ ಕಡೀತೈತಿ ಬಾಯಿ, ಅಂತಾನ.”

ಆಮೇಲೆ ಓದಿಸಿದಳು, ಸಾಲು ಸಾಲು.
ಏಳನೆಯ ಪುಟದ ‘ಶಾಶ್ವತವಾಗಿ’ಗೆ ಕೈ ಅಡ್ಡ ಹಿಡಿದಳು.
ರಕ್ತ ಯಾರ ಮನೆಯಾಗ ಇಡತೀರಿ?
ಔಷಧ ಆತಂದ್ರ ನಮಗ ಎಷ್ಟಕ್ಕ ಕೊಡತೀರಿ?
ಹೊಳ್ಳಿ ಬಂದು ಹೇಳಾಂವ ಯಾರು, ಅವನ ಹೆಸರೇನು?
ಮೊದಲನೆಯದಕ್ಕೆ ಉತ್ತರ ಗೊತ್ತಿತ್ತು.
ಎರಡನೆಯದಕ್ಕೆ ಇಲ್ಲ ಎಂದೆ, ನಿಜ ಹೇಳಿದೆ.
ಮೂರನೆಯದಕ್ಕೆ ಗಂಟಲು ಕಟ್ಟಿತು,
ನನ್ನ ಕೆಲಸ ಮಾರ್ಚ್‌ವರೆಗೆ ಮಾತ್ರ.

ತಮ್ಮ ಮನೆಮಾತಿನಲ್ಲಿ ಹುಡುಗಿಯರಿಗೆ ಏನೋ ಅಂದಳು.
ಅವರು ಕಿಸಕ್ಕನೆ ನಕ್ಕರು.
ನನಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ.

“ಹಿಂದಿನ ಪುಟದಾಗ ನಿನ್ನ ಕೈಲೆ ಬರಿ,
ದೀಪಾವಳಿ ಆದ ಎಂಟು ದಿನಕ್ಕ ಬರ್ತೇನಿ ಅಂತ.
ಸಹಿ ಬ್ಯಾಡ, ಸಹಿ ಮಂದಿ ಬಾಳ ಮಾಡ್ತಾರ.
ಹೆಬ್ಬೆಟ್ಟು. ಮೊದಲು ನೀ ಒತ್ತು.”

ಎರಡು ಪದವಿಯ ಹೆಬ್ಬೆಟ್ಟು ಇಂಗಳದ ಮಸಿಯಲ್ಲಿ ಅದ್ದಿದೆ.
ನನ್ನ ಗೆರೆಗಳನ್ನು ಅಷ್ಟು ಹತ್ತಿರದಿಂದ
ನಾನೆಂದೂ ನೋಡಿರಲಿಲ್ಲ.

ಆಮೇಲೆ ತೋಳು ಚಾಚಿದಳು. ಕಬ್ಬಿಣ ಬಡಿದ ತೋಳು,
ನರ ತಾನೇ ಎದ್ದು ಬಂತು.
ಹುಡುಗಿಯರದು ಕೊಡಲಿಲ್ಲ.
“ಅವರಿಗೆ ಬುದ್ಧಿ ಬರಲಿ, ಅವರನ್ನ ಕೇಳು.”

ಅಣ್ಣಿಗೇರಿ ದಾಟುವಾಗ ಐಸು ಅರ್ಧ ಕರಗಿತ್ತು,
ನಲವತ್ತರಲ್ಲಿ ತುಂಬಿದ್ದು ಒಂದೇ ಕೊಳವೆ.
ಸಾಹೇಬರು ಮಾತಾಡಲಿಲ್ಲ.
ನಾನು ಹೆಬ್ಬೆಟ್ಟನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದೆ.
ಬರದಿದ್ದರೆ ಆ ಕಾಗದ ಹಿಡಿದು
ಧಾರವಾಡದ ನಿಮ್ಮ ಓಣಿಗೇ ಬರುತ್ತೇನೆ, ಎಂದಿದ್ದಳು,
ಸುತ್ತಿಗೆ ಎತ್ತಿಕೊಳ್ಳುತ್ತ.